ಸೆಡಾನೋ, ಎಸ್‌ಯುವಿಯೋ? ಕಿವಿಯನ್ನೂ ಒಂದು ಮಾತು ಕೇಳಿ

ಕಾರು ಕೊಳ್ಳುವಾಗ ಒಳಗೆ ಕೇಳುವ ಗಾಳಿಯ ಸದ್ದನ್ನೂ ಯೋಚಿಸಬೇಕು. ಶಿರಸಿಯವರಾದರೆ ಈ ಚಿಂತೆ ಅಷ್ಟಿಲ್ಲ. ದೇವಿಮನೆ ಘಾಟಿಯಲ್ಲಿ 30-40ರ ವೇಗಕ್ಕೆ ಕೇಳುವುದು ಇಂಜಿನ್ ಸದ್ದೇ. ಎತ್ತರದ ಎಸ್‌ಯುವಿ ಇಷ್ಟವಾದರೆ ಧಾರಾಳವಾಗಿ ತಗೊಳ್ಳಿ.

ಕಾರವಾರದಿಂದ ಹೊನ್ನಾವರಕ್ಕೆ ಹೆದ್ದಾರಿ 66ರಲ್ಲಿ ದಿನವೂ ಓಡಾಡುವವರ ಕಥೆ ಬೇರೆ. ವೇಗ ಎರಡು ಪಟ್ಟಾದರೆ ಗಾಳಿಯ ಸದ್ದು ಸುಮಾರು 18 ಡೆಸಿಬಲ್ ಏರಬಹುದು. ಸೆಡಾನಿನ ಮುಂಗಾಜು ಹಿಂದಕ್ಕೆ ಒರಗಿರುತ್ತದೆ, ಗಾಳಿ ಸಲೀಸಾಗಿ ಜಾರುತ್ತದೆ. ಡಬ್ಬದಂಥ ಎಸ್‌ಯುವಿಯ ಗಾಜು ನೆಟ್ಟಗೆ. ಗಾಳಿ ಮುಂಗಾಜಿನ ಪಕ್ಕದ ಕಂಬದ ಬಳಿ ಥಟ್ಟನೆ ತಿರುಗಬೇಕು. ಆಗ ಅದು ಕಾರಿನ ಮೈ ಬಿಟ್ಟು ಸುಳಿಯಾಗಿ ಪಕ್ಕದ ಕಿಟಕಿಗೆ ಬಡಿಯುತ್ತದೆ, ಅಂದರೆ ನಿಮ್ಮ ಕಿವಿಯ ಹತ್ತಿರಕ್ಕೇ! ದೊಡ್ಡ ಕನ್ನಡಿ, ಚಾವಣಿ ಮೇಲಿನ ಕಂಬಿ ಇನ್ನಷ್ಟು ಸುಳಿ ಎಬ್ಬಿಸುತ್ತವೆ. ಸುಮ್ನೆ ಚಂದಕ್ಕೆ ಹಾಕಿಸಿದ ಕಂಬಿಯಾದರೆ ತೆಗೆಸಿಬಿಡಿ.

ಹಾಗಂತ ಸೆಡಾನೇ ಗೆದ್ದಿತು ಅನ್ನಬೇಡಿ. ಎರಡು ಪದರದ ಕಿಟಕಿ ಗಾಜು, ಒಳ್ಳೆಯ ಬಾಗಿಲ ರಬ್ಬರ್ ಇರುವ ಎಸ್‌ಯುವಿ ಅಗ್ಗದ ಸೆಡಾನಿಗಿಂತ ಕಡಿಮೆ ಸದ್ದು ಮಾಡಬಹುದು. ನನ್ನ ಹಳೇ ಸೆಡಾನಿನ ರಬ್ಬರ್ ಬಿಸಿಲಿಗೆ ಗಟ್ಟಿಯಾಗಿ, ಅಂಕೋಲಾ ದಾಟುವುದರೊಳಗೆ ಸೀಟಿ ಊದುತ್ತಿತ್ತು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೊದಲು ಅದನ್ನೇ ಒತ್ತಿ ನೋಡಿ.

ಟೆಸ್ಟ್ ಡ್ರೈವ್‌ನಲ್ಲಿ ಎಸಿ, ಹಾಡು ಎರಡೂ ಬಂದ್ ಮಾಡಿ 80ರಲ್ಲಿ ಓಡಿಸಿ. ಮಳೆಗಾಲದಲ್ಲಿ ಶರಾವತಿ ಸೇತುವೆ ಮೇಲೆ ಎದುರುಗಾಳಿ 30 ಇದ್ದರೆ, ಕಾರಿನ ಮಟ್ಟಿಗೆ ಅದು 110ರ ಗಾಳಿ. ಅಡ್ಡಗಾಳಿ ಬೀಸಿದರೆ ಒಂದೇ ಬದಿಯ ಕಿಟಕಿ ಜಾಸ್ತಿ ಗದ್ದಲ ಮಾಡುತ್ತದೆ. ಹಾಗಾಗಿ ವಾಪಸ್ ಬರುವಾಗಲೂ ಕಿವಿಗೊಟ್ಟು ಕೇಳಿ.