ಎಂಟು ಪೌಂಡಿನ ಸಮ್ಮಟಿಗೆ: ಮೊದಲ ಏಟು ಸರಿ, ಎರಡನೆಯದು?

ಕಟ್ಟಡ ಕೆಡವುವ ಕೆಲಸದಲ್ಲಿ ಹನ್ನೊಂದು ವರ್ಷ ಕಳೆದವನು ನಾನು. ಈಗ ಬೆನ್ನು ಮಾತು ಕೇಳುವುದಿಲ್ಲ, ಕೂತು ಮಾಡುವ ಕೆಲಸ ಹಿಡಿದಿದ್ದೇನೆ. ಶನಿವಾರ ರಾತ್ರಿ ಮಾತ್ರ ತಪ್ಪದೆ ಐದು ಜನ ಗೆಳೆಯರು ಮೇಜಿನ ಸುತ್ತ ಸೇರಿ, ದಾಳ ಉರುಳಿಸುತ್ತಾ ಜಾಂಬಿ ಕಥೆ ಕಟ್ಟುತ್ತೇವೆ. ಊರಿಗೆ ಊರೇ ಸತ್ತು ಎದ್ದು ಕೂತಿದೆ, ಬದುಕುಳಿದ ನಾಲ್ವರು ಹಳೇ ಗೋದಾಮಿನಲ್ಲಿ ಅಡಗಿದ್ದಾರೆ, ಕೈಗೆ ಸಿಕ್ಕಿದ್ದೇ ಆಯುಧ. ಕಥೆ ನಡೆಸುವ ಹೊಣೆ ನನ್ನದು. ಆ ನಾಲ್ವರಲ್ಲಿ ಒಬ್ಬ ವೆಲ್ಡಿಂಗ್ ಕೆಲಸದವನು, ಸದಾ ಸಮ್ಮಟಿಗೆ ಹೆಗಲಿಗೇರಿಸಿಕೊಂಡೇ ಇರುತ್ತಾನೆ. ಪ್ರತಿ ಸರದಿಗೂ ಒಂದು ತಲೆ ಉರುಳಿಸುತ್ತಾನೆ.

"ಅದು ಆಗಲ್ಲ ಕಣೋ" ಅಂದೆ ಒಂದು ದಿನ.

"ನೀನೇ ಹನ್ನೊಂದು ವರ್ಷ ಗೋಡೆ ಒಡೆದಿಲ್ವಾ?" ಅಂದ.

ಗೋಡೆ ನಿಂತಲ್ಲೇ ನಿಂತಿರುತ್ತದೆ, ನಮ್ಮ ಮೇಲೆ ನಡೆದು ಬರುವುದಿಲ್ಲ ಅಂತ ಹೇಳಿ ನೋಡಿದೆ. ಒಪ್ಪಲಿಲ್ಲ. ಬಾಯಿಮಾತಿನಲ್ಲಿ ತೀರುವ ಜಗಳ ಅಲ್ಲ ಅನ್ನಿಸಿ ಹೊಸ ಸಮ್ಮಟಿಗೆಯೊಂದನ್ನು ತರಿಸಿದೆ. ಆರು ವಾರ ಬಳಸಿದ ಮೇಲೆ ಬರೆಯುತ್ತಿದ್ದೇನೆ.

ವಸ್ತು ಹೀಗಿದೆ: ಎಂಟು ಪೌಂಡ್, ಅಂದರೆ 3.6 ಕೆ.ಜಿ. ತೂಕದ ಉಕ್ಕಿನ ತಲೆ, ಸುಮಾರು 90 ಸೆಂಟಿಮೀಟರ್ ಉದ್ದದ ಫೈಬರ್‌ಗ್ಲಾಸ್ ಕಾವು, ಹಿಡಿಯುವ ಕಡೆ ರಬ್ಬರ್ ಹೊದಿಕೆ. ತಕ್ಕಡಿಗೆ ಇಟ್ಟರೆ ಒಟ್ಟು ನಾಲ್ಕೂವರೆ ಕೆ.ಜಿ. ಹತ್ತಿರ. ತಲೆಯ ಎರಡೂ ಮುಖಗಳ ಅಂಚನ್ನು ಸಣ್ಣಗೆ ಇಳಿಜಾರಾಗಿ ಉಜ್ಜಿದ್ದಾರೆ. ಒಳ್ಳೆಯ ಕೆಲಸ ಅದು. ಅಂಚು ಚೂಪಾಗಿದ್ದರೆ ಗಟ್ಟಿ ಉಕ್ಕಿಗೆ ತಾಗಿದಾಗ ಚೂರು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗುತ್ತದೆ. ಕನ್ನಡಕ ಹಾಕದೆ ಇದನ್ನು ಎತ್ತಬೇಡಿ, ಜಾಂಬಿ ಇರಲಿ ಇಲ್ಲದಿರಲಿ.

ಹಳೇ ಲಾರಿ ಟೈರೊಂದನ್ನು ನೆಟ್ಟ ಕಂಬಕ್ಕೆ ಕಟ್ಟಿದೆ, ಮನುಷ್ಯನ ತಲೆಯ ಎತ್ತರಕ್ಕೆ. ಈ ಎತ್ತರವೇ ಇಡೀ ಪರೀಕ್ಷೆಯ ಮರ್ಮ. ಕಲ್ಲು ಒಡೆಯುವಾಗ, ಗೂಟ ಹೊಡೆಯುವಾಗ ಸಮ್ಮಟಿಗೆ ಮೇಲಿಂದ ಕೆಳಕ್ಕೆ ಬೀಳುತ್ತದೆ, ಭೂಮಿಯೇ ಎಳೆದುಕೊಡುತ್ತದೆ. ನಾನು ಕೆಲಸ ಕಲಿತ ಮೇಸ್ತ್ರಿ ಹೇಳುತ್ತಿದ್ದರು, "ಹೊಡೆಯೋದು ಸುತ್ತಿಗೆ ಕೆಲಸ, ಎತ್ತೋದಷ್ಟೇ ನಿಂದು" ಅಂತ. ನಿಮ್ಮಷ್ಟೇ ಎತ್ತರದ ಜಾಂಬಿ ಎದುರಿಗೆ ನಿಂತಾಗ ಆ ಮಾತು ನಡೆಯುವುದಿಲ್ಲ. ಬೀಳಲಿಕ್ಕೆ ಮೇಲೆ ಜಾಗವೇ ಉಳಿದಿರುವುದಿಲ್ಲ. ಅಡ್ಡಕ್ಕೆ ಬೀಸಬೇಕು, ಆ ಬೀಸಿಗೆ ಬೇಕಾದ ಕಸುವೆಲ್ಲ ಸೊಂಟ, ಹೆಗಲುಗಳಿಂದಲೇ ಬರಬೇಕು.

ಮೊದಲ ಏಟು ಅದ್ಭುತ. ಕಂಬ ಬುಡದವರೆಗೆ ನಡುಗಿತು, ಟೈರು ಒಂದು ಗೇಣು ಒಳಕ್ಕೆ ಹೋಗಿ ಚಿಮ್ಮಿತು. ಕಬ್ಬಿಣದ ಟೋಪಿ ಹಾಕಿಕೊಂಡ ಜಾಂಬಿ ಬಂದರೂ ಆ ಏಟಿಗೆ ಎದ್ದು ನಿಲ್ಲಲಾರದು. ಆದರೆ ಅಡ್ಡ ಬೀಸಿದ ಸಮ್ಮಟಿಗೆ ಗುರಿಗೆ ಬಡಿದು ಸುಮ್ಮನಾಗುವುದಿಲ್ಲ. ಒಂದೋ ಚಿಮ್ಮಿ ವಾಪಸ್ ಬರುತ್ತದೆ, ಇಲ್ಲವೇ ಜಾರಿ ಮುಂದಕ್ಕೆ ಎಳೆದುಕೊಂಡು ಹೋಗುತ್ತದೆ. ಎಳೆದುಕೊಂಡು ಹೋದಾಗ ನಾನು ಅರ್ಧ ತಿರುಗಿದ್ದೆ, ಬೆನ್ನು ಕಂಬದ ಕಡೆಗಿತ್ತು. ಮತ್ತೆ ಕಾಲು ಊರಿ, ತಿರುಗಿ, ಎತ್ತಿ, ಎರಡನೇ ಏಟು ಹಾಕುವಷ್ಟರಲ್ಲಿ ಮೂರು ಸೆಕೆಂಡು ಸಲೀಸಾಗಿ ಕಳೆದಿತ್ತು. ಕುಂಟಿಕೊಂಡು ಬರುವ ಜಾಂಬಿ ಕೂಡ ಮೂರು ಸೆಕೆಂಡಿನಲ್ಲಿ ಎರಡು ಹೆಜ್ಜೆ ಇಡುತ್ತದೆ.

ಗಡಿಯಾರ ಇಟ್ಟು ಎಣಿಸಿದೆ. ಮೊದಲ ನಿಮಿಷ 22 ಏಟು. ಎರಡನೇ ನಿಮಿಷ 14. ಮೂರನೆಯದರಲ್ಲಿ 8, ಅದರಲ್ಲೂ ಕೊನೆಯ ಎರಡು ಟೈರಿಗೆ ಸವರಿಕೊಂಡು ಹೋದವು. ನಾಲ್ಕನೇ ನಿಮಿಷ ಇಲ್ಲ. ಕಾವಿನ ಮೇಲೆ ಎರಡೂ ಕೈ ಊರಿ ಉಸಿರು ಎಳೆಯುತ್ತಾ ನಿಂತಿದ್ದೆ. ಮೈಗೆ ಈ ಕೆಲಸ ಹೊಸದಲ್ಲ, ಆದರೂ ಹೀಗಾಯಿತು. ಮಾರನೇ ದಿನ ನನ್ನ ಹಳೇ ನಾಲ್ಕು ಪೌಂಡಿನ ಸುತ್ತಿಗೆ ತೆಗೆದುಕೊಂಡು ಅದೇ ಟೈರಿಗೆ ಹೊಡೆದೆ: 38, 31, 27. ಐದು ನಿಮಿಷ ನಿಲ್ಲಿಸದೆ ಹೊಡೆದೆ.

ಚಿಕ್ಕದರ ಏಟು ಅರ್ಧಕ್ಕರ್ಧ ಸಪ್ಪೆ ಇರಬೇಕಲ್ಲ ಅಂತ ನನ್ನ ವೆಲ್ಡರ್ ಗೆಳೆಯ ವಾದಿಸಿದ. ಲೆಕ್ಕ ಹಾಗಿಲ್ಲ. ಏಟಿನ ಶಕ್ತಿ ತೂಕ ಹೆಚ್ಚಿದಷ್ಟೇ ಹೆಚ್ಚುತ್ತದೆ, ವೇಗದ ವಿಷಯದಲ್ಲಿ ಮಾತ್ರ ವೇಗದ ವರ್ಗದಷ್ಟು ಹೆಚ್ಚುತ್ತದೆ. 3.6 ಕೆ.ಜಿ. ತಲೆ ಸೆಕೆಂಡಿಗೆ 10 ಮೀಟರಿನಲ್ಲಿ ಬಂದರೆ 180 ಜೂಲ್. 1.8 ಕೆ.ಜಿ. ತಲೆ 14 ಮೀಟರಿನಲ್ಲಿ ಬಂದರೆ 176 ಜೂಲ್. ಅರ್ಧ ತೂಕದ್ದನ್ನು ಸುಮಾರು 1.4 ಪಟ್ಟು ವೇಗದಲ್ಲಿ ಬೀಸಿದರೆ ಸಾಕು, ಹೆಚ್ಚುಕಮ್ಮಿ ಅದೇ ಏಟು. ಇದು ಹಿಂದಿನವರಿಗೂ ಗೊತ್ತಿತ್ತು. ಮಧ್ಯಯುಗದ ಯುರೋಪಿನಲ್ಲಿ ಉಕ್ಕಿನ ಕವಚ ತೊಟ್ಟವರನ್ನು ಬಡಿಯಲೆಂದೇ ಮಾಡಿದ ಒಂಟಿಗೈಯ ಯುದ್ಧದ ಸುತ್ತಿಗೆಗಳನ್ನು ನೋಡಿ, ತಲೆ ಪುಟ್ಟದು, ಹೆಚ್ಚಿನವು ಇಡಿಯಾಗಿ ತೂಗಿದರೂ ಒಂದೂವರೆ ಕೆ.ಜಿ. ಆಸುಪಾಸು. ಜೀವ ಪಣಕ್ಕಿಟ್ಟು ಹೋರಾಡುತ್ತಿದ್ದವರು ಬೇಕೆಂದೇ ಹಗುರ ಮಾಡಿಕೊಂಡಿದ್ದರು. ಚಿತ್ರಗಳಲ್ಲಿ ಕಾಣುವ ಗುಂಡುಕಲ್ಲಿನಂಥ ಸುತ್ತಿಗೆ ಚಿತ್ರ ಬರೆದವರ ಕಲ್ಪನೆ.

ಕಾವಿನ ವಿಷಯಕ್ಕೆ ಬರುತ್ತೇನೆ. ನನ್ನ ದೊಡ್ಡ ತಕರಾರು ಇಲ್ಲೇ ಇರುವುದು.

ಮೂರನೇ ದಿನ ಗುರಿ ತಪ್ಪಿತು. ತಲೆ ಕಂಬದ ಆಚೆಗೆ ದಾಟಿ, ತಲೆಯ ಕೆಳಗೆ ಕಾವು ಶುರುವಾಗುವ ಕಡೆ ಕಂಬದ ಅಂಚಿಗೆ ಬಡಿಯಿತು. ಸಮ್ಮಟಿಗೆಗಳು ಸಾಯುವುದು ಹೀಗೇ, ನಾಲ್ಕು ಬೆರಳಗಲದ ಆ ಜಾಗದಲ್ಲಿ. ಗೋಡೆ ಒಡೆಯುವಾಗ ಎಷ್ಟೋ ಸಲ ಕಂಡಿದ್ದೇನೆ. ಫೈಬರ್‌ಗ್ಲಾಸ್ ಮುರಿಯಲಿಲ್ಲ, ಆದರೆ ಹೊರಪದರ ಸೀಳಿ ಬಿಳಿ ಎಳೆಗಳು ಎದ್ದವು. ಕೈ ಸವರಿದರೆ ಕಣ್ಣಿಗೆ ಕಾಣದಂಥ ಗಾಜಿನ ಮುಳ್ಳು. ಎರಡು ದಿನ ಅಂಗೈ ತುರಿಸಿತು. ಮಾರಿದವರಿಗೆ ಬರೆದು ಕೇಳಿದೆ. ಗುರಿ ತಪ್ಪಿ ಬಿದ್ದ ಏಟಿಗೆ ಖಾತರಿ ಇಲ್ಲ ಅಂತ ಒಂದು ಸಾಲಿನ ಉತ್ತರ ಬಂತು. ಆ ಜಾಗಕ್ಕೊಂದು ದಪ್ಪ ರಬ್ಬರ್ ಪಟ್ಟಿ ಹಾಕಿ ಕಳಿಸಿದ್ದರೆ ಈ ಪತ್ರವೇ ಬೇಕಿರಲಿಲ್ಲ. ಗುರಿ ತಪ್ಪದೆ ಸಮ್ಮಟಿಗೆ ಬೀಸುವವನು ಎಲ್ಲೂ ಇಲ್ಲ, ಕತ್ತಲಲ್ಲಿ ಹೆದರಿಕೊಂಡು ಬೀಸುವವನಂತೂ ಖಂಡಿತ ಇಲ್ಲ.

ಹೀಗಾಗಿ ಲೋಕ ಮುಗಿದ ಕಥೆಗೆ ನನ್ನ ಆಯ್ಕೆ ಮರದ ಕಾವು. ಫೈಬರ್‌ಗ್ಲಾಸ್ ಕಾವನ್ನು ತಲೆಯ ಕಣ್ಣಿಗೆ, ಅಂದರೆ ಕಾವು ತೂರುವ ತೂತಿಗೆ, ಎಪಾಕ್ಸಿ ಅಂಟಿನಿಂದ ಕೂರಿಸಿರುತ್ತಾರೆ. ಮುರಿದರೆ ಒಳಗಿನ ತುಂಡನ್ನು ಕೊರೆದು ತೆಗೆಯಬೇಕು, ಹೊಸ ಕಾವು ಬೇಕು, ಅಂಟು ಬೇಕು. ಅಂಗಡಿಗಳೆಲ್ಲ ಖಾಲಿ ಬಿದ್ದ ಲೋಕದಲ್ಲಿ ಇವೆಲ್ಲ ಎಲ್ಲಿಂದ ಬರಬೇಕು? ಮರದ ಕಾವಾದರೆ ಕಣ್ಣಿನೊಳಗೆ ತೂರಿಸಿ ತುದಿಗೆ ಬೆಣೆ ಹೊಡೆದರೆ ಮುಗಿಯಿತು. ಬೆಣೆ ಒಳಗಿಳಿದಂತೆ ಮರ ಹಿಗ್ಗಿ ಹಿಡಿದುಕೊಳ್ಳುತ್ತದೆ. ನಾರು ನೇರವಾಗಿರುವ, ಗಂಟಿಲ್ಲದ, ಒಣಗಿದ ಮರದ ತುಂಡೊಂದು ಸಿಕ್ಕರೆ ಒಂದು ಮಚ್ಚಿನಲ್ಲಿ ಒಂದು ಮಧ್ಯಾಹ್ನದ ಕೆಲಸ. ಹಸಿ ಮರದ್ದು ಮಾಡಿದರೆ ಒಣಗುತ್ತಾ ಕುಗ್ಗಿ ತಲೆ ಸಡಿಲವಾಗುತ್ತದೆ. ಸಡಿಲ ತಲೆಯ ಸಮ್ಮಟಿಗೆ ಬೀಸಿದರೆ ಹಿಂದೆ ನಿಂತ ಗೆಳೆಯನಿಗೇ ಅಪಾಯ.

ರಬ್ಬರ್ ಹೊದಿಕೆ ಒಣ ಕೈಗೆ ಚೆನ್ನಾಗಿದೆ, ಬೆವರು ಹತ್ತಿದರೆ ಜಾರುತ್ತದೆ. ಇನ್ನೊಂದು ವಿಷಯ. ಸಮ್ಮಟಿಗೆ ಬೀಸಬಲ್ಲವರು ಮೇಲಿನ ಕೈಯನ್ನು ಕಾವಿನುದ್ದಕ್ಕೂ ಜಾರಿಸುತ್ತಾರೆ, ಎತ್ತುವಾಗ ತಲೆಯ ಹತ್ತಿರ, ಬೀಸುವಾಗ ಕೆಳಗಿನ ಕೈಯ ಪಕ್ಕಕ್ಕೆ. ಈ ಹೊದಿಕೆ ಕಾವಿನ ಅರ್ಧದವರೆಗೆ ಬಂದು ನಿಲ್ಲುತ್ತದೆ. ಅಲ್ಲೊಂದು ಮೆಟ್ಟಿಲು ಸಿಕ್ಕಂತಾಗಿ ಕೈ ತಡವರಿಸುತ್ತದೆ. ಎರಡನೇ ವಾರ ಆ ತುದಿಯನ್ನು ಚಾಕುವಿನಿಂದ ಹೆರೆದು ಸಪಾಟು ಮಾಡಿಕೊಂಡೆ.

ಕಿರಿದಾದ ಓಣಿಯಂಥ ಜಾಗದಲ್ಲಿ ನಿಂತು ನೋಡಿದೆ. ಅಡ್ಡ ಬೀಸಲು ಜಾಗವೇ ಇಲ್ಲ, ಎತ್ತಿದರೆ ಸೂರಿಗೆ ತಾಗುತ್ತದೆ. ಅಲ್ಲಿ ಇದು ಬರೀ ಭಾರ.

ಹೊಗಳಲೇಬೇಕಾದ ಕಡೆಗೆ ಬರೋಣ. ಕೆಡವಬೇಕಿದ್ದ ಒಂದು ಹಳೇ ಶೆಡ್ಡಿನ ಟೊಳ್ಳು ಸಿಮೆಂಟ್ ಇಟ್ಟಿಗೆಯ ಗೋಡೆಯಲ್ಲಿ, ಮನೆಯವರ ಒಪ್ಪಿಗೆ ಪಡೆದು, ಮನುಷ್ಯ ತೂರುವಷ್ಟು ಕಂಡಿ ಮಾಡಿದೆ. ನಾಲ್ಕನೇ ಏಟಿಗೆ ಮೊದಲ ಇಟ್ಟಿಗೆ ಒಳಕ್ಕೆ ಬಿತ್ತು. ಒಂದು ಬಿದ್ದ ಮೇಲೆ ಅಕ್ಕಪಕ್ಕದವು ಹಿಡಿತ ಕಳೆದುಕೊಳ್ಳುತ್ತವೆ, ಉಳಿದದ್ದು ಸಲೀಸು. ಆರು ನಿಮಿಷದಲ್ಲಿ ಆಚೆ ಕಡೆಯ ಬೆಳಕು ಮುಖಕ್ಕೆ ಬಿತ್ತು, ಧೂಳಿನ ನಡುವೆ. ಎಷ್ಟೋ ವರ್ಷದ ಮೇಲೆ ಆ ಸಂತೋಷ ಸಿಕ್ಕಿತು. ಬೀಗ ಹಾಕಿದ ಮರದ ಬಾಗಿಲಿಗೂ ಅಷ್ಟೇ: ಬಾಗಿಲ ನಡುವಿಗೆ ಹೊಡೆದರೆ ಶ್ರಮ ದಂಡ, ಬೀಗದ ಪಕ್ಕಕ್ಕೇ ಹೊಡೆದರೆ ಚೌಕಟ್ಟು ಸೀಳುತ್ತದೆ. ಹಿಂದೆ ಜಾಂಬಿಗಳು, ಮುಂದೆ ಗೋಡೆ ಅನ್ನುವ ಹೊತ್ತಿಗೆ ನಾಲ್ಕು ಪೌಂಡಿನ ಸುತ್ತಿಗೆ ಕೈಕೊಡುತ್ತದೆ, ಎಂಟು ಪೌಂಡಿನದು ದಾರಿ ಮಾಡುತ್ತದೆ. ಗೋಡೆಯ ಎದುರು ಸುಸ್ತಾದರೆ ಕೂತು ನೀರು ಕುಡಿಯಬಹುದು, ಇಲ್ಲವೇ ಪಕ್ಕದವನ ಕೈಗೆ ಕೊಡಬಹುದು.

ನಮ್ಮ ಮೇಜಿನ ಮೇಲೆ ಬಂದುಹೋದ ಬೇರೆ ಭಾರೀ ಆಯುಧಗಳನ್ನೂ ಇದೇ ಎರಡನೇ ಏಟಿನ ಒರೆಗೆ ಹಚ್ಚಿ ನೋಡಿದೆ. ಚೈನ್‌ಸಾ ಎಲ್ಲರಿಗೂ ಪ್ರಿಯ. ಮರ ಕಡಿಯುವವರು ಹಾಕುವ ರಕ್ಷಣೆಯ ಪ್ಯಾಂಟಿನ ಒಳಗೆ ಉದ್ದನೆಯ ನಾರಿನ ಪದರಗಳಿರುತ್ತವೆ, ಸರಪಳಿ ತಾಗಿದ ಕೂಡಲೇ ಆ ನಾರು ಹಲ್ಲುಚಕ್ರಕ್ಕೆ ಸುತ್ತಿಕೊಂಡು ಯಂತ್ರವನ್ನೇ ನಿಲ್ಲಿಸುತ್ತದೆ. ಜಾಂಬಿಗಳು ಬಟ್ಟೆ ಹಾಕಿಕೊಂಡೇ ಬರುತ್ತವೆ, ಕೂದಲೂ ಇರುತ್ತದೆ. ಒಂದಕ್ಕೆ ತಾಗಿಸಿ, ಸಿಕ್ಕಿಕೊಂಡ ಚಿಂದಿ ಬಿಡಿಸುತ್ತಾ ಕೂರಬೇಕಾದೀತು. ಸದ್ದಿಗೆ ಉಳಿದವೆಲ್ಲ ಬಂದು ಸೇರುತ್ತವೆ, ಅದು ಬೇರೆ. ಬೆಂಕಿ ಉಗುಳುವ ಯಂತ್ರದ ಆಸೆ ಇನ್ನೊಬ್ಬನಿಗೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರು ಬೆನ್ನಿಗೆ ಹೊರುತ್ತಿದ್ದ ಎಂ2 ತುಂಬಿದಾಗ ಸುಮಾರು 30 ಕೆ.ಜಿ. ಇರುತ್ತಿತ್ತು, ಬಿಡದೆ ಉರಿಸಿದರೆ ಹತ್ತು ಸೆಕೆಂಡೂ ಬರುತ್ತಿರಲಿಲ್ಲ. ನೋವೇ ಗೊತ್ತಿಲ್ಲದ ಜಾಂಬಿ ಉರಿಯುತ್ತಲೇ ನಡೆದು ಬರುತ್ತದೆ.

ಟ್ರ್ಯಾಕ್ಟರಿಗೆ ತಗಡು ಹೊದಿಸಿ ಟ್ಯಾಂಕ್ ಮಾಡುವ ಯೋಚನೆ ವೆಲ್ಡರ್‌ನದೇ. ನಿಜಕ್ಕೂ ಮಾಡಿದವರಿದ್ದಾರೆ, ಅವರ ಬಗ್ಗೆ ನನಗೆ ಗೌರವವಿದೆ. ಜಪಾನಿನ ದಾಳಿಯ ಭಯದಲ್ಲಿದ್ದ ನ್ಯೂಜಿಲೆಂಡಿನಲ್ಲಿ ಸಚಿವ ಬಾಬ್ ಸೆಂಪಲ್ ಕ್ಯಾಟರ್‌ಪಿಲ್ಲರ್ ಡಿ8 ಟ್ರ್ಯಾಕ್ಟರಿಗೆ ಸುಕ್ಕು ತಗಡಿನಂಥ ಮ್ಯಾಂಗನೀಸ್ ಉಕ್ಕಿನ ಹಾಳೆ ಹೊದಿಸಿ ಟ್ಯಾಂಕ್ ಕಟ್ಟಿಸಿದರು. ಇಪ್ಪತ್ತು ಟನ್ನಿಗೂ ಹೆಚ್ಚು ತೂಕ, ಆರು ಬ್ರೆನ್ ಲಘು ಮೆಷಿನ್ ಗನ್. ಒಬ್ಬ ಗನ್ನರ್ ಇಂಜಿನ್ ಮೇಲೆ ಹಾಸಿದ ಹಾಸಿಗೆಯಲ್ಲಿ ಮಲಗಿ ಗುಂಡು ಹಾರಿಸಬೇಕಿತ್ತು. ಗೇರ್ ಬದಲಿಸಬೇಕಾದರೆ ಟ್ಯಾಂಕ್ ನಿಲ್ಲಿಸಲೇಬೇಕಿತ್ತು. ಸುತ್ತ ಸಾವಿರ ಕೈಗಳು ತಗಡು ಕೀಳುತ್ತಿರುವಾಗ ಆ ನಿಲುಗಡೆಯನ್ನು ಊಹಿಸಿಕೊಳ್ಳಿ. 1941ರಲ್ಲಿ ಮುತ್ತಿಗೆಗೆ ಸಿಕ್ಕಿದ್ದ ಸೋವಿಯತ್ ನಗರ ಒಡೆಸ್ಸಾದ ಜನರೂ ಟ್ರ್ಯಾಕ್ಟರುಗಳಿಗೆ ಕವಚ ಹೊದಿಸಿ ರಣರಂಗಕ್ಕೆ ಇಳಿಸಿದರು. ಅದಕ್ಕೆ ಅಂಟಿದ ಹೆಸರು 'ನಾ ಇಸ್ಪುಗ್', ರಷ್ಯನ್ ಭಾಷೆಯಲ್ಲಿ ಹೆದರಿಸಲಿಕ್ಕೆ ಅಂತ ಅರ್ಥ. ಎದುರಾಳಿಗೆ ಹೆದರಿಕೆ ಇದ್ದರೆ ತಾನೇ ಆ ಉಪಾಯ ಫಲಿಸುವುದು.

2009ರಲ್ಲಿ ಕೆನಡಾದ ಗಣಿತಜ್ಞರ ತಂಡವೊಂದು ಜಾಂಬಿ ಸೋಂಕು ಹಬ್ಬುವುದರ ಗಣಿತ ಮಾದರಿ ಪ್ರಕಟಿಸಿತ್ತು. ಬೇಗ ಬೇಗ, ಮತ್ತೆ ಮತ್ತೆ, ಸಲದಿಂದ ಸಲಕ್ಕೆ ಬಲ ಹೆಚ್ಚಿಸಿ ಹೊಡೆದರೆ ಮಾತ್ರ ಮನುಷ್ಯರು ಉಳಿಯುತ್ತಾರೆ ಅನ್ನುವುದು ಅವರ ಲೆಕ್ಕದ ಸಾರ. ನನ್ನ ಏಟುಗಳ ಎಣಿಕೆ 22, 14, 8. ಅವರು ಕೇಳಿದ್ದಕ್ಕೆ ತೀರಾ ಉಲ್ಟಾ.

ಐದಕ್ಕೆ ಮೂರು ಕೊಡುತ್ತೇನೆ. ಉಕ್ಕಿಗೆ ಪೂರ್ತಿ ಅಂಕ, ಕಾವಿಗೆ ಕಡಿತ. ಗುಂಪಿಗೆ ಇಂಥದ್ದು ಒಂದು ಸಾಕು, ಗೋಡೆ ಬಾಗಿಲುಗಳಿಗೆ. ಉಳಿದವರ ಕೈಯಲ್ಲಿ ಹಗುರವಾದದ್ದು ಇರಲಿ. ಕೊಳ್ಳುವವರು ಇದೇ ತೂಕದಲ್ಲಿ ಮರದ ಕಾವಿನದು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ, ಜೊತೆಗೆ ಎರಡು ಬೆಣೆ ಜೇಬಿನಲ್ಲಿರಲಿ.

ನಮ್ಮ ಆಟದಲ್ಲಿ ಈಗ ಹೊಸ ನಿಯಮ: ಸಮ್ಮಟಿಗೆಯ ಏಟು ಹಾಕಿದವನು ಮುಂದಿನ ಸರದಿ ಬಿಡಬೇಕು. ಕಳೆದ ಶನಿವಾರ ಇದನ್ನು ಹೇಳಿದಾಗ ವೆಲ್ಡರ್ ಮುಖ ಊದಿಸಿಕೊಂಡ. ಭಾನುವಾರ ಬೆಳಿಗ್ಗೆ ಅವನೇ ಬಂದ, ಕನ್ನಡಕ ಕೊಟ್ಟೆ, ಟೈರಿನ ಮುಂದೆ ನಿಲ್ಲಿಸಿದೆ. ಮೊದಲ ಏಟಿಗೆ "ನೋಡಿದ್ಯಾ!" ಅಂತ ಕೂಗಿದ. ಐದನೆಯದಕ್ಕೆ ಮಾತು ನಿಂತಿತು. ಒಂಬತ್ತನೆಯದು ಹಾಕಿ ಸಮ್ಮಟಿಗೆಯನ್ನು ನೆಲಕ್ಕೆ ಊರಿದ, ಮಂಡಿಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಬಗ್ಗಿ ನಿಂತ. ಆಮೇಲೆ ತಲೆ ಎತ್ತದೆಯೇ ಕೈ ಚಾಚಿದ.

"ಆ ಚಿಕ್ಕದು ಕೊಡೋ."