ಮಿಲಿಟರಿ ಜೀಪಿನ ತುಕ್ಕು: ಬ್ಲಾಸ್ಟಿಂಗೋ, ಆಸಿಡ್ಡೋ, ಕರೆಂಟೋ?

ಮುಂಬೈಯಲ್ಲಿ ಹಳೆಯ ವಿಲ್ಲಿಸ್ ಜೀಪು ಬಿಚ್ಚಿಟ್ಟು ಕೂತಿದ್ದೀರಿ, ತುಕ್ಕು ತೆಗೆಯಲು ಮೂರು ದಾರಿ ಇವೆ.

ಖರ್ಚು ಹೆಚ್ಚು ಬ್ಲಾಸ್ಟಿಂಗಿಗೆ, ಅಂದರೆ ಗಾಳಿಯ ಒತ್ತಡದಲ್ಲಿ ಒರಟು ಕಣ ಹೊಡೆದು ತುಕ್ಕು ಕೆರೆಯುವುದಕ್ಕೆ. ಸೊಸೈಟಿ ಪಾರ್ಕಿಂಗಿನಲ್ಲಿ ಮಾಡುವಂತಿಲ್ಲ, ಸಾಗಾಟವೂ ಸೇರುತ್ತದೆ. ಆದರೆ ಛಾಸಿಯಂಥ (ಗಾಡಿಯ ಅಡಿಚೌಕಟ್ಟು) ದಪ್ಪ ಉಕ್ಕಿಗೆ ಅದಕ್ಕೆ ಸಾಟಿಯಿಲ್ಲ. ಬಾನೆಟ್ಟಿನ ತೆಳು ತಗಡಿಗೆ ಒಂದೇ ಕಡೆ ಜೋರಾಗಿ ಹೊಡೆದರೆ ಸೊಟ್ಟಗಾಗುತ್ತದೆ. ಮರಳು ಬೇಡ, ಸಿಲಿಕಾ ಧೂಳು ಶ್ವಾಸಕೋಶ ಹಾಳುಮಾಡುತ್ತದೆ; ಗಾರ್ನೆಟ್ ಎಂಬ ಖನಿಜದ ಕಣ ಕೇಳಿ. ಕಡಲ ತೇವಕ್ಕೆ ಬರಿ ಉಕ್ಕು ಗಂಟೆಗಳಲ್ಲೇ ಕೆಂಪಾಗುವುದರಿಂದ ತುಕ್ಕು ತಡೆಯುವ ಮೊದಲ ಲೇಪವಾದ ಎಪಾಕ್ಸಿ ಪ್ರೈಮರ್ ಅದೇ ದಿನ ಬೀಳಬೇಕು. ಪುಣೆಯ ಬೇಸಿಗೆಯಲ್ಲಿ ತುಸು ಬಿಡುವು ಸಿಗುತ್ತದೆ.

ಬಾಡಿ ತಗಡಿನ ಮೇಲ್ಮೇಲಿನ ತುಕ್ಕಿಗೆ ಫಾಸ್ಫಾರಿಕ್ ಆಸಿಡ್ ಸಾಕು. ಅಪಾಯವಿರುವುದು ಜೋಡಣೆಯ ಸಂದುಗಳಲ್ಲಿ: ಒಳಗೆ ನಿಂತ ಆಸಿಡ್ ಆಮೇಲೆ ಬಣ್ಣವನ್ನೇ ಎಬ್ಬಿಸುತ್ತದೆ. ವಿಲ್ಲಿಸ್ ನೆಲದಡಿಯ ಟೊಳ್ಳು ಉಕ್ಕಿನ ಚಾನೆಲ್‌ಗಳಲ್ಲಿ ಮರದ ಪಟ್ಟಿ ಇರುತ್ತಿತ್ತು, ಅದು ನೀರು ಹಿಡಿದು ಚಾನೆಲ್ಲನ್ನು ತುಕ್ಕು ಒಳಗಿನಿಂದಲೇ ತಿಂದಿರುತ್ತದೆ. ಅಲ್ಲಿ ಆಸಿಡ್ ಸುರಿದು ಪ್ರಯೋಜನವಿಲ್ಲ, ಕತ್ತರಿಸಿ ಹೊಸ ತಗಡು ಬೆಸೆಯುವುದೇ ಸರಿ.

ಬ್ರಾಕೆಟ್, ಹಿಂಜ್, ಬೋಲ್ಟುಗಳಿದ್ದರೆ ಕರೆಂಟಿನ ದಾರಿ ಅಗ್ಗ: ಭಾಗವನ್ನು ಸೋಡಾ ನೀರಿನಲ್ಲಿ ಮುಳುಗಿಸಿ ಕರೆಂಟು ಹರಿಸಿ ತುಕ್ಕು ಬಿಡಿಸುವುದು. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 4 ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ, 12 ವೋಲ್ಟ್ ಬ್ಯಾಟರಿ ಚಾರ್ಜರ್. ಭಾಗ ನೆಗೆಟಿವ್‌ಗೆ, ಗುಜರಿ ಕಬ್ಬಿಣ ಪಾಸಿಟಿವ್‌ಗೆ; ಅದಲುಬದಲಾದರೆ ನಿಮ್ಮ ಭಾಗವೇ ಕರಗುತ್ತದೆ. ಪಾಸಿಟಿವ್‌ಗೆ ಸ್ಟೇನ್‌ಲೆಸ್ ಸ್ಟೀಲ್ ಬೇಡ, ವಿಷಕಾರಿ ಕ್ರೋಮಿಯಂ ಬಿಡುತ್ತದೆ. ಹೈಡ್ರೋಜನ್ ಏಳುವುದರಿಂದ ಗಾಳಿಯಾಡುವ ಕಡೆ ಇಡಿ. ಸ್ಪ್ರಿಂಗ್‌ಗಳನ್ನು ಮಾತ್ರ ಇದಕ್ಕೆ ಹಾಕಬೇಡಿ: ಹೈಡ್ರೋಜನ್ ಹೊಕ್ಕು ಗಡಸು ಉಕ್ಕು ಪೆಡಸಾಗಿ ಮುರಿಯಬಹುದು.

ಗೋವಾದ ಮನೆಯಂಗಳವಿದ್ದವರಿಗೆ ಡ್ರಮ್ಮು ಸಲೀಸು. ಫ್ಲ್ಯಾಟಿನಲ್ಲಿರುವವರು ಛಾಸಿಯನ್ನು ಬ್ಲಾಸ್ಟಿಂಗಿಗೆ ಕಳಿಸಿ ಸ್ಪ್ರಿಂಗ್ ಬಿಟ್ಟು ಉಳಿದದ್ದಕ್ಕೆ ಆಸಿಡ್ ಹಿಡಿದರೆ ನೆರೆಯವರ ಜಗಳವೂ ತಪ್ಪುತ್ತದೆ.