ರಿವೆಟ್ ಹೊಡೆದ ಚೈನ್‌ಮೇಲ್ ಅಂಗಿ: ಹೆಣಿಗೆ ಗಟ್ಟಿ, ಕತ್ತು ಸರಿಯಿಲ್ಲ

ಇಂಗ್ಲೆಂಡಿನಲ್ಲಿ ನಮ್ಮದೊಂದು ತಂಡವಿದೆ. ಬೇಸಿಗೆಯಲ್ಲಿ ಕೋಟೆಗಳ ಅಂಗಳದಲ್ಲಿ 13ನೇ ಶತಮಾನದ ಯೋಧರ ವೇಷ ಹಾಕುತ್ತೇವೆ. ಅದಕ್ಕೆಂದೇ ಆನ್‌ಲೈನ್‌ನಲ್ಲಿ ಈ ಚೈನ್‌ಮೇಲ್ ಅಂಗಿ, ಅಂದರೆ ಲೋಹದ ಉಂಗುರಗಳನ್ನು ಒಂದಕ್ಕೊಂದು ಹೆಣೆದ ಕವಚ, ತರಿಸಿದೆ. ಬೆಲೆ 240 ಪೌಂಡ್, ತೂಕ 11 ಕೆ.ಜಿ. ತಯಾರಾದದ್ದು ಭಾರತದಲ್ಲೇ.

ಹೆಣಿಗೆ ಬಹಳ ಚೆನ್ನಾಗಿದೆ. ಒಂದೊಂದು ಉಂಗುರವೂ ಸುತ್ತಲಿನ ನಾಲ್ಕು ಉಂಗುರಗಳನ್ನು ಹಿಡಿದಿದೆ. ಒಂದು ಸಾಲು ಬೆಸುಗೆಯೇ ಇಲ್ಲದ ಇಡೀ ಉಂಗುರ, ಮುಂದಿನ ಸಾಲು ತುದಿಗಳನ್ನು ಸೇರಿಸಿ ರಿವೆಟ್ (ಪುಟ್ಟ ಮೊಳೆ) ಹೊಡೆದದ್ದು. ಯುರೋಪಿನ ಹಲವು ಹಳೆಯ ಕವಚಗಳಲ್ಲೂ ಹೀಗೇ ಇರುತ್ತಿತ್ತು. ಇಷ್ಟನ್ನೂ ಕೂತು ಹೆಣೆದವರ ಕೈಗೆ ನಮಸ್ಕಾರ.

ತೊಂದರೆ ಇರುವುದು ಕತ್ತಿನಲ್ಲಿ. ಕವಚ ಕೊಳ್ಳುವವರು ತೋಳು ನೋಡುತ್ತಾರೆ, ಉದ್ದ ನೋಡುತ್ತಾರೆ, ಕತ್ತನ್ನು ನೋಡುವುದೇ ಇಲ್ಲ. ನನ್ನ ತಲೆಯ ಸುತ್ತಳತೆ 58 ಸೆಂ.ಮೀ., ಕತ್ತಿನದು 39. ತಲೆಯೂ ತೂರಬೇಕು, ಆಮೇಲೆ ಕತ್ತಿಗೂ ಕೂರಬೇಕು. ಸೀಳು ಬೇಕಾಗುವುದು ಇದಕ್ಕೇ. ಸೀಳಿಲ್ಲದೆ ತೂತನ್ನೇ ಅಗಲ ಮಾಡಿದರೆ ಕೊರಳ ಬುಡ ಬಯಲಾಗುತ್ತದೆ, ಭಾರವೂ ತೋಳಿನ ಕಡೆ ಜಾರುತ್ತದೆ.

ಇದರಲ್ಲಿ ಎದೆಯ ಮೇಲೆ ಸೀಳು ಕೊಟ್ಟು ಚರ್ಮದ ಲಾಡಿ ಪೋಣಿಸಿದ್ದಾರೆ. ಯೋಚನೆ ಸರಿ. ಆದರೆ ಎರಡು ಅಂಚುಗಳು ಒಂದರ ಮೇಲೊಂದು ಬರುವುದಿಲ್ಲ. ಎಷ್ಟು ಬಿಗಿದರೂ ಬೆರಳು ತೂರುವಷ್ಟು ಸಂದಿ ಉಳಿಯುತ್ತದೆ. ಈಟಿಯ ಮೊನೆಗೆ ಅಷ್ಟು ಸಾಕಲ್ವಾ? ಸೀಳಿನ ಕೆಳತುದಿ ಇನ್ನೂ ಮೋಸ. ಅಂಗಿ ತೊಡುವಾಗ, ಬಿಚ್ಚುವಾಗ ಜಾಸ್ತಿ ಎಳೆತ ಬೀಳುವುದು ಅಲ್ಲೇ. ಅಂಥ ಜಾಗದಲ್ಲಿ ರಿವೆಟ್ ಇಲ್ಲದೆ, ಸುಮ್ನೆ ತುದಿಗೆ ತುದಿ ತಾಗಿಸಿದ ಉಂಗುರ ಹಾಕಿದ್ದಾರೆ. ಕೆಲವು ಸಲ ತೊಟ್ಟು ಬಿಚ್ಚುವಷ್ಟರಲ್ಲಿ ಅವು ಬಾಯಿಬಿಟ್ಟವು. ಅಂಗಡಿಗೆ ಬರೆದೆ. ಬದಲಿ ಉಂಗುರ ಕಳಿಸಿದರು, ಅವೂ ಅಂಥವೇ.

ಆ ಕಾಲದವರು ಗಂಟಲನ್ನು ಹೀಗೆ ತೆರೆದು ಬಿಡುತ್ತಿರಲಿಲ್ಲ. ತಲೆಗೆ ಹಾಕುವ ಚೈನ್‌ಮೇಲ್ ಕುಲಾವಿಗೇ ಒಂದು ಪಟ್ಟಿ ಇರುತ್ತಿತ್ತು. ಅದನ್ನು ಗಂಟಲು, ಗದ್ದದ ಮೇಲೆ ಎಳೆದು ಕಿವಿಯ ಮೇಲ್ಗಡೆ ಲಾಡಿಯಿಂದ ಕಟ್ಟುತ್ತಿದ್ದರು. ಇಲ್ಲಿನ ಚರ್ಚುಗಳಲ್ಲಿರುವ 13ನೇ ಶತಮಾನದ ಕೆಲವು ಸಮಾಧಿ ಶಿಲ್ಪಗಳಲ್ಲಿ, ಉಂಗುರಗಳ ನಡುವೆ ಒಳಹೊರಗೆ ಹೋಗುವ ಆ ಲಾಡಿಯನ್ನೂ ಕೆತ್ತಿದ್ದಾರೆ. ನೋಡಿದರೆ ಖುಷಿಯಾಗುತ್ತದೆ. 15ನೇ ಶತಮಾನದಲ್ಲಿ ಕತ್ತಿಗೆಂದೇ ಬೇರೆ ಕಾಲರ್ ಹಾಕುತ್ತಿದ್ದರು. ಸಣ್ಣ ಉಂಗುರಗಳನ್ನು ಎಷ್ಟು ಒತ್ತಾಗಿ ಹೆಣೆಯುತ್ತಿದ್ದರೆಂದರೆ ಅದು ತಾನಾಗಿ ಎದ್ದು ನಿಲ್ಲುತ್ತಿತ್ತು. ನಮ್ಮ ಕಡೆಯ ಮೊಘಲ್ ಕಾಲದ ಕವಚಗಳ ದಾರಿಯೇ ಬೇರೆ. ಅವುಗಳಲ್ಲಿ ಹಲವು ಎದೆಯುದ್ದಕ್ಕೂ ತೆರೆಯುತ್ತವೆ, ತಲೆ ತೂರಿಸುವ ಪಾಡೇ ಇಲ್ಲ.

ನಾನು ಕೆಳತುದಿಯ ಉಂಗುರಗಳನ್ನು ಕಿತ್ತು ರಿವೆಟ್ ಹೊಡೆದವನ್ನು ಹಾಕಿದೆ. ಒಂದು ಅಂಚಿಗೆ ಮೂರು ಬೆರಳಗಲದ ಪಟ್ಟಿ ಹೆಣೆದು ಸೇರಿಸಿದೆ. ಈಗ ಲಾಡಿ ಬಿಗಿದರೆ ಸಂದಿ ಮುಚ್ಚುತ್ತದೆ, ಹೆಗಲ ಮೇಲಿನ ಭಾರವೂ ಸರಿಯಾಗಿ ಕೂರುತ್ತದೆ.

ಐದಕ್ಕೆ ಮೂರು ಕೊಡುತ್ತೇನೆ. ಇಂಥ ಅಂಗಿ ಕೊಳ್ಳುವವರು ದುಡ್ಡು ಕಟ್ಟುವ ಮೊದಲು ಸೀಳಿನ ಕೆಳತುದಿಯ ಫೋಟೋ ಹತ್ತಿರದಿಂದ ತೆಗೆದು ಕಳಿಸಲು ಹೇಳಿ. ಜೊತೆಗೆ ರಿವೆಟ್ ಹಾಕುವ ಬಿಡಿ ಉಂಗುರಗಳ ಒಂದು ಪ್ಯಾಕೆಟ್ ತರಿಸಿಕೊಳ್ಳಿ.